ಹೆಗಲಿನಿಂದ ಎದೆಗೆ ಬಂದ ಕೋವಿ

ಮೆರವಣಿಗೆಯ ಸೈನಿಕನ ಕೋವಿ ಹೆಗಲ ಮೇಲಿರುತ್ತದೆ. ಕಾಳಗಕ್ಕೆ ಇಳಿಯುವ ಇಂದಿನ ಸೈನಿಕನ ಕೋವಿ ಎದೆಯ ಮೇಲೆ. ವಾಯುಪಡೆ, ಗಡಿ ಭದ್ರತಾ ಪಡೆ, ಕೇಂದ್ರ ಮೀಸಲು ಪೊಲೀಸ್ ಪಡೆ, ಈ ಮೂರಕ್ಕೂ ನೆಲೆಯಾದ ಯಲಹಂಕದ ನಿವಾಸಿಗಳಿಗೆ ಸಮವಸ್ತ್ರವೂ ಕೋವಿಯೂ ಹೊಸ ನೋಟವಲ್ಲ. ಆದರೆ ಕೋವಿಗೆ ಕಟ್ಟಿದ ಪಟ್ಟಿಯ ಕಡೆ ಯಾರ ಕಣ್ಣು ತಾನೆ ಹರಿದೀತು?

ಹಿಂದಿನ ತ್ರೀ-ನಾಟ್-ತ್ರೀ ರೈಫಲನ್ನು ಬಲಭುಜಕ್ಕೆ ನೇತುಹಾಕಿಕೊಂಡು ಮೈಲಿಗಟ್ಟಲೆ ನಡೆಯಬಹುದಾಗಿತ್ತು. ಪಟ್ಟಿ ಇದ್ದುದೇ ನಡಿಗೆಯ ಅನುಕೂಲಕ್ಕಾಗಿ. ಗುಂಡುನಿರೋಧಕ ಕವಚವು ಈ ಸುಖವನ್ನು ಕೆಡಿಸಿತು. ಎದೆಗೊಂದು, ಬೆನ್ನಿಗೊಂದು ಗಡಸು ಫಲಕ. ಒಟ್ಟು ಸುಮಾರು 10 ಕಿಲೋ ಭಾರ. 2018ರಲ್ಲಿ ನಮ್ಮ ಸೇನೆ ಇಂತಹ 1.86 ಲಕ್ಷ ಕವಚಗಳಿಗೆ ಒಪ್ಪಂದ ಮಾಡಿಕೊಂಡಿತು. ಕವಚದ ಅಗಲವಾದ ಭುಜಪಟ್ಟಿಯ ಮೇಲೆ ಕೋವಿಯ ಪಟ್ಟಿ ನಿಲ್ಲದೆ ಜಾರುತ್ತದೆ. ಕವಚದ ದಪ್ಪದಿಂದಾಗಿ ಕೋವಿಯ ಬಟ್ಟು ಭುಜದ ಗುಳಿಯಲ್ಲಿ ಸರಿಯಾಗಿ ಕೂರುವುದಿಲ್ಲ. ಹೊಸ ಕೋವಿಗಳ ಬಟ್ಟನ್ನು ಒಳಕ್ಕೆ ತಳ್ಳಿ ಗಿಡ್ಡಮಾಡುವ ಏರ್ಪಾಡು ಆಗ ನೆರವಾಗುತ್ತದೆ.

ಈಗಿನ ಪಟ್ಟಿ ಕೊರಳನ್ನೂ ಒಂದು ತೋಳನ್ನೂ ಬಳಸಿ ಮೈಗೆ ಅಡ್ಡಲಾಗಿ ಬರುತ್ತದೆ. ಜನ ಕಿಕ್ಕಿರಿದ ಬಸ್ಸಿನಲ್ಲಿ ಕೈಚೀಲವನ್ನು ಅಡ್ಡ ಹಾಕಿಕೊಳ್ಳುವ ಗೃಹಿಣಿಯರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ! ಒಂದು ತುದಿ ನಳಿಗೆಯ ಕಡೆ, ಇನ್ನೊಂದು ಬಟ್ಟಿನ ಕಡೆ. ತುಂಡನ್ನು ಎಳೆದರೆ ಬಿಗಿ, ಸಡಿಲಿಸಿದರೆ ಗುರಿಗೆ ಸಿದ್ಧ. ಕೋವಿಯ ಬಾಯಿ ನೆಲದತ್ತ ಇರುತ್ತದೆ. ಎರಡು ಕೈಗಳೂ ಹಗ್ಗ ಹಿಡಿಯಲು, ಬಾಗಿಲು ತೆರೆಯಲು ಬಿಡುವಾಗುತ್ತವೆ. ಒಂದೇ ಕೊಂಡಿಯ ಪಟ್ಟಿಯೂ ಉಂಟು. ಅದರಲ್ಲಿ ಕೋವಿಯನ್ನು ಎಡಭುಜಕ್ಕೂ ಬಲಭುಜಕ್ಕೂ ಸರಾಗವಾಗಿ ಬದಲಿಸಬಹುದು. ಆದರೆ ಕೈಬಿಟ್ಟು ಓಡಿದರೆ ಅದು ಮೊಣಕಾಲಿಗೆ ಬಡಿಯುತ್ತದೆ.

ಪಟ್ಟಿಯನ್ನು ಕವಚದ ಮೇಲೆಯೇ, ಎಲ್ಲಕ್ಕಿಂತ ಕೊನೆಗೆ, ಧರಿಸಬೇಕು. ಸೈನಿಕನಿಗೆ ಗುಂಡು ತಗುಲಿದಾಗ ಕವಚವನ್ನು ಬಿಚ್ಚದೆ ಗಾಯ ಕಾಣದು. ಕೋವಿಯ ಪಟ್ಟಿಯನ್ನು ತೆಗೆಯದೆ ಕವಚ ಬಿಚ್ಚದು. ಪಟ್ಟಿ ಒಳಗೆ ಸಿಕ್ಕಿಕೊಂಡಿದ್ದರೆ ರಕ್ತ ಹರಿಯುತ್ತಿರುವ ಆ ನಿಮಿಷಗಳು ಗಂಟು ಬಿಡಿಸುವುದರಲ್ಲಿಯೇ ಕಳೆದಾವು. ಆದುದರಿಂದ ಒಂದೇ ಎಳೆತಕ್ಕೆ ಕಳಚಿಕೊಳ್ಳುವ ಕೊಂಡಿಯನ್ನು ಉತ್ತಮ ಪಟ್ಟಿಗಳಲ್ಲಿ ಅಳವಡಿಸಿರುತ್ತಾರೆ. ಈ ಪುಟ್ಟ ಕೊಂಡಿಯೇ ಇಡೀ ಪಟ್ಟಿಯ ಜೀವವೆಂದು ನನ್ನ ಭಾವನೆ.

2008ರ ನವೆಂಬರಿನಲ್ಲಿ ಮುಂಬಯಿಯ ತಾಜ್ ಹೋಟೆಲಿನಲ್ಲಿ ಇಂತಹ ನಿಮಿಷಗಳು ಬಂದುವು. ರಾಷ್ಟ್ರೀಯ ಭದ್ರತಾ ದಳದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಗಾಯಗೊಂಡ ತಮ್ಮ ಸಂಗಾತಿಯನ್ನು ಹೊರಕ್ಕೆ ಸಾಗಿಸುವ ಏರ್ಪಾಡು ಮಾಡಿ, ತಾವು ಭಯೋತ್ಪಾದಕರನ್ನು ಬೆನ್ನಟ್ಟಿಹೋಗಿ, 28ರಂದು ವೀರಮರಣವನ್ನಪ್ಪಿದರು. 2009ರಲ್ಲಿ ಅವರಿಗೆ ಮರಣೋತ್ತರ ಅಶೋಕಚಕ್ರ ಸಂದಿತು. ಯಲಹಂಕದಲ್ಲಿ ಅವರ ಹೆಸರಿನ ರಸ್ತೆಯಿದೆ.

ಅವರ ಅಂತ್ಯಕ್ರಿಯೆ ನವೆಂಬರ್ 29ರಂದು ಹೆಬ್ಬಾಳದಲ್ಲಿ ಸೈನಿಕ ಗೌರವದೊಡನೆ ನಡೆಯಿತು. ಇಂತಹ ಅಂತ್ಯಕ್ರಿಯೆಗಳಲ್ಲಿ 'ಶೋಕ ಶಸ್ತ್ರ' ಎಂಬ ಆಜ್ಞೆಗೆ ಸೈನಿಕರು ಕೋವಿಗಳನ್ನು ತಲೆಕೆಳಗಾಗಿಸಿ ನಿಲ್ಲುತ್ತಾರೆ. ಆಗ ಮೈಮೇಲೆ ಕವಚವಿರುವುದಿಲ್ಲ. ಪಟ್ಟಿಯನ್ನು ಕೋವಿಯ ಮೈಗೆ ಬಿಗಿದು ಕಟ್ಟಿರುತ್ತಾರೆ.