ಮಾತ್ರೆ ನುಂಗಿದರೂ ಏರದ ಹಿಮೋಗ್ಲೋಬಿನ್

ಬಸುರಿಯ ರಕ್ತದ ವರದಿಯಲ್ಲಿ ಹಿಮೋಗ್ಲೋಬಿನ್ 9 ಎಂದು ಕಂಡರೆ 'ಇವಳು ಸರಿಯಾಗಿ ಊಟ ಮಾಡುವುದಿಲ್ಲ' ಎಂಬ ಮಾತು ಮನೆಯಲ್ಲಿ ಮೊದಲು ಬರುತ್ತದೆ. ಖರ್ಜೂರ, ಸೊಪ್ಪು, ಕಬ್ಬಿಣಾಂಶದ ಮಾತ್ರೆ ಶುರುವಾಗುತ್ತವೆ. ಹೆಚ್ಚಿನವರಿಗೆ ಇದರಿಂದ ಗುಣ ಸಿಗುತ್ತದೆ. ಕೆಲವರಿಗೆ ಮಾತ್ರ ತಿಂಗಳುಗಟ್ಟಲೆ ನುಂಗಿದರೂ ಅಂಕಿ ಏರುವುದಿಲ್ಲ. ಅಂಥವರಲ್ಲಿ ಕೊರತೆ ಇರುವುದು ಊಟದಲ್ಲೇ ಆಗಬೇಕೆಂದಿಲ್ಲ, ಜೀವಕೋಶದೊಳಗಿನ ತಯಾರಿಯಲ್ಲೂ ಇರಬಹುದು.

ಕೆಂಪು ರಕ್ತಕಣ ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ. ಎಳೆಯ ಕಣದ ಕೋಶಕೇಂದ್ರದಲ್ಲಿರುವ ಡಿಎನ್‌ಎಯಲ್ಲಿ ಪ್ರೋಟೀನು ತಯಾರಿಸುವ ವಿಧಾನ ಬರೆದಿಟ್ಟಂತಿದೆ. ಮೂಲ ಪುಸ್ತಕ ಹೊರಗೆ ಬರುವುದಿಲ್ಲ, ಬೇಕಾದ ಪುಟದ ನಕಲು ಮಾತ್ರ ಆರ್‌ಎನ್‌ಎ ಆಗಿ ಬರುತ್ತದೆ. ರೈಬೋಸೋಮ್‌ಗಳು ಅದನ್ನು ಮೂರು ಮೂರು ಅಕ್ಷರವಾಗಿ ಓದುತ್ತಾ ಅಮೈನೋ ಆಮ್ಲಗಳನ್ನು ತಸ್ಬೀಹಿನ ಮಣಿಗಳಂತೆ ಪೋಣಿಸುತ್ತವೆ. ಒಂದು ಹಿಮೋಗ್ಲೋಬಿನ್‌ಗೆ ಇಂಥ ನಾಲ್ಕು ಸರ ಬೇಕು: 141 ಮಣಿಗಳ ಆಲ್ಫಾ ಎರಡು, 146 ಮಣಿಗಳ ಬೀಟಾ ಎರಡು.

ಬಲಿಯುವಾಗ ಈ ಕಣ ಕೋಶಕೇಂದ್ರವನ್ನೇ ಹೊರಗೆ ಹಾಕುತ್ತದೆ, ರೈಬೋಸೋಮ್‌ಗಳನ್ನೂ ಕಳೆದುಕೊಳ್ಳುತ್ತದೆ. ಇನ್ನು ಹೊಸ ಪ್ರೋಟೀನು ಇಲ್ಲ. ಮೊದಲೇ ಮಾಡಿಟ್ಟದ್ದರಲ್ಲಿ ಸುಮಾರು 120 ದಿನ ಸಾಗಬೇಕು. ತನಗಿಂತ ಕಿರಿದಾದ ರಕ್ತನಾಳದಲ್ಲೂ ನುಸುಳಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ; ಪೊರೆಯ ಒಳಮೈಗೆ ಹೆಣೆದಿರುವ ಸ್ಪೆಕ್ಟ್ರಿನ್ ಎಂಬ ಪ್ರೋಟೀನಿನ ಬಲೆಯೇ ಅದಕ್ಕೆ ಆಸರೆ.

ಬೀಟಾ ತಲಸ್ಸೇಮಿಯಾದಲ್ಲಿ ಬೀಟಾ ಸರ ಸಾಕಷ್ಟು ತಯಾರಾಗುವುದಿಲ್ಲ. ಎಷ್ಟೋ ಸಲ ಕಾರಣ ಡಿಎನ್‌ಎಯ ಒಂದೇ ಒಂದು ಅಕ್ಷರ! ಜೊತೆ ಸಿಗದೆ ಉಳಿದ ಆಲ್ಫಾ ಸರಗಳು ಗಂಟುಕಟ್ಟಿ ಪೊರೆಯನ್ನು ಘಾಸಿ ಮಾಡುತ್ತವೆ. ಅನೇಕ ಕಣಗಳು ಮಜ್ಜೆಯಲ್ಲೇ ಸಾಯುತ್ತವೆ.

ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಈ ದೋಷ ಬಂದರೆ ತಲಸ್ಸೇಮಿಯಾ ಮೈನರ್. ಸ್ವಲ್ಪ ರಕ್ತಹೀನತೆ ಬಿಟ್ಟರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಇಬ್ಬರಲ್ಲೂ ದೋಷವಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಮೇಜರ್ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆ ಮಗುವಿಗೆ ಕೆಲವು ವಾರಗಳಿಗೊಮ್ಮೆ ರಕ್ತ ಕೊಡಿಸುತ್ತಲೇ ಇರಬೇಕು. ಹೃದಯ, ಯಕೃತ್ತಿನಲ್ಲಿ ತುಂಬುವ ಕಬ್ಬಿಣವನ್ನು ತೆಗೆಯಲು ಬೇರೆ ಔಷಧಿ. ಅಸ್ಥಿಮಜ್ಜೆ ಕಸಿಯಿಂದ ಗುಣವಾಗುವುದುಂಟು, ಆದರೆ ಅದು ಎಲ್ಲರ ಕೈಗೆಟುಕುವಂಥದ್ದಲ್ಲ. ಸೋದರ ಸಂಬಂಧದ ಮದುವೆಗಳಲ್ಲಿ ಗಂಡು ಹೆಣ್ಣು ಇಬ್ಬರಲ್ಲೂ ಒಂದೇ ದೋಷವಿರುವ ಸಂಭವ ಹೆಚ್ಚು.

ಮಾತ್ರೆಗೆ ಫಲ ಕಾಣದಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ವೈದ್ಯರಲ್ಲಿ ಫೆರಿಟಿನ್ ಮತ್ತು ಹಿಮೋಗ್ಲೋಬಿನ್ ಎ2 ಪರೀಕ್ಷೆಯ ಬಗ್ಗೆ ಕೇಳಿ. ಎ2 ಶೇ. 3.5ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಅದು ಮೈನರ್‌ನ ಗುರುತು. ಆಗ ಪತಿಯ ರಕ್ತವನ್ನೂ ಪರೀಕ್ಷಿಸಲೇಬೇಕು.

ಇರಾನ್ 1997ರಲ್ಲೂ ಸೌದಿ ಅರೇಬಿಯಾ 2004ರಲ್ಲೂ ಮದುವೆಗೆ ಮುನ್ನ ಈ ಪರೀಕ್ಷೆಯನ್ನು ಕಡ್ಡಾಯಗೊಳಿಸಿದವು. ಸೌದಿಯಲ್ಲಿ ಇಬ್ಬರಲ್ಲೂ ದೋಷ ಕಂಡರೆ ತಿಳಿಹೇಳುತ್ತಾರೆ, ತೀರ್ಮಾನ ಅವರಿಗೇ ಬಿಟ್ಟದ್ದು. ನಮ್ಮಲ್ಲಿ ನಿಶ್ಚಿತಾರ್ಥಕ್ಕೆ ಮೊದಲು ಹುಡುಗಿಯ ಬಣ್ಣ, ಎತ್ತರ ಎಲ್ಲವನ್ನೂ ವಿಚಾರಿಸುತ್ತಾರೆ. ಹುಡುಗನ ರಕ್ತದ ವರದಿಯನ್ನೂ ಕೇಳುವುದರಲ್ಲಿ ಸಂಕೋಚವೇಕೆ?