ಏಳು ಸೇತುವೆಗಳು ಕಲಿಸುವ ಗಣಿತ

“ಈ ಗಣಿತವನ್ನು ಕಲಿತು ಆಗಬೇಕಾದುದೇನು?” ತರಗತಿಯಲ್ಲಿ ಪ್ರತಿ ವರ್ಷವೂ ಯಾರಾದರೊಬ್ಬ ವಿದ್ಯಾರ್ಥಿ ನಮ್ಮನ್ನು ಕೇಳುವ ಪ್ರಶ್ನೆ ಇದು. ಇದರಲ್ಲಿ ಉದ್ಧಟತನವೇನೂ ಇಲ್ಲ, ಪ್ರಶ್ನೆ ನ್ಯಾಯವಾದುದೇ. ಸೂತ್ರವನ್ನು ಬಾಯಿಪಾಠ ಮಾಡಿ, ಅದರಲ್ಲಿ ಸಂಖ್ಯೆಗಳನ್ನು ತುಂಬಿ, ಬಂದ ಉತ್ತರವನ್ನು ಪುಸ್ತಕದ ಕೊನೆಯ ಪುಟದೊಡನೆ ತಾಳೆ ನೋಡುವುದೇ ಗಣಿತವೆಂದು ಹತ್ತು ವರ್ಷ ನಂಬಿ ಬಂದವನಿಗೆ ಬೇರೆ ಪ್ರಶ್ನೆ ಹೇಗೆ ತಾನೆ ಹೊಳೆದೀತು? ಆದರೆ ಲೆಕ್ಕ ಮಾಡುವುದಷ್ಟೇ ಗಣಿತವಲ್ಲ. ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ವಿವೇಚಿಸುವುದೂ ಗಣಿತವೇ. ಇದನ್ನು ಮನಗಾಣಿಸಲು ಕೆಲವು ಬಿಂದುಗಳು, ಅವನ್ನು ಕೂಡಿಸುವ ಕೆಲವು ಗೆರೆಗಳು, ಇಷ್ಟಿದ್ದರೆ ಸಾಕು. ಇಂತಹ ಜಾಲಗಳನ್ನು ಕುರಿತ ಶಾಸ್ತ್ರಕ್ಕೆ ಗ್ರಾಫ್ ಸಿದ್ಧಾಂತವೆಂದು ಹೆಸರು. ಚೌಕುಳಿ ಕಾಗದದ ಮೇಲೆ ನಾವು ಎಳೆಯುವ ವಕ್ರರೇಖೆಗೂ ಇದಕ್ಕೂ ಸಂಬಂಧವಿಲ್ಲ. ಕೂಡಿಸುವುದನ್ನೂ ಸಮ–ಬೆಸಗಳನ್ನೂ ಬಲ್ಲ ಯಾರಾದರೂ ಇದರ ಹೊಸ್ತಿಲನ್ನು ದಾಟಬಹುದು.

ಒಂದು ಊರಿನ ಒಗಟು

ಪ್ರಷ್ಯದ ಕೋನಿಗ್ಸ್‌ಬರ್ಗ್ ನಗರದ ನಡುವೆ ಪ್ರೇಗೆಲ್ ನದಿ ಹರಿಯುತ್ತಿತ್ತು. ನದಿಯ ಎರಡು ದಡಗಳು, ನಡುವಣ ಒಂದು ದ್ವೀಪ, ಪೂರ್ವಕ್ಕೆ ಕವಲುಗಳ ನಡುವಿನ ಇನ್ನೊಂದು ಭೂಭಾಗ, ಹೀಗೆ ನಾಲ್ಕು ಭಾಗಗಳು. ಅವನ್ನು ಜೋಡಿಸುವ ಸೇತುವೆಗಳು ಏಳು. ಯಾವ ಸೇತುವೆಯನ್ನೂ ಎರಡನೆಯ ಸಲ ದಾಟದೆ ಏಳನ್ನೂ ದಾಟಿ ಬರುವುದು ಸಾಧ್ಯವೇ ಎಂಬ ಒಗಟು ಆ ಊರಿನಲ್ಲಿ ಪ್ರಚಲಿತವಾಗಿತ್ತು. ಲಿಯೋನಾರ್ಡ್ ಆಯ್ಲರ್ ಎಂಬ ಗಣಿತಜ್ಞ 1735ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ವಿಜ್ಞಾನ ಅಕಾಡೆಮಿಯ ಮುಂದೆ ಇದರ ಉತ್ತರವನ್ನಿಟ್ಟನು. ಆಗ ಅವನಿಗೆ ಇಪ್ಪತ್ತೆಂಟು ವರ್ಷ.

ಸೇತುವೆಯ ಉದ್ದವೆಷ್ಟು, ದ್ವೀಪದ ಆಕಾರವೇನು, ನದಿಯ ಅಗಲವೆಷ್ಟು ಎಂಬುವೆಲ್ಲ ಇಲ್ಲಿ ಅನಗತ್ಯ. ಪ್ರತಿಯೊಂದು ಭೂಭಾಗವೂ ಒಂದು ಬಿಂದು, ಪ್ರತಿಯೊಂದು ಸೇತುವೆಯೂ ಒಂದು ಗೆರೆ ಎಂದುಕೊಳ್ಳೋಣ. ದಾರಿಯ ನಡುವೆ ಬರುವ ಯಾವ ಬಿಂದುವನ್ನೇ ತೆಗೆದುಕೊಂಡರೂ ಅದನ್ನು ಒಂದು ಗೆರೆಯಿಂದ ಹೊಕ್ಕು ಇನ್ನೊಂದು ಗೆರೆಯಿಂದ ಹೊರಡಬೇಕು. ಅಂದರೆ ಗೆರೆಗಳು ಎರಡೆರಡಾಗಿ ಖರ್ಚಾಗುತ್ತವೆ. ಆದುದರಿಂದ ಬೆಸ ಸಂಖ್ಯೆಯ ಗೆರೆಗಳು ಕೂಡುವ ಬಿಂದುವು ಪಯಣದ ಮೊದಲಾಗಿರಬೇಕು, ಇಲ್ಲವೆ ಕೊನೆಯಾಗಿರಬೇಕು. ಮೊದಲು ಒಂದೇ, ಕೊನೆಯೂ ಒಂದೇ. ಹೀಗಾಗಿ ಎರಡಕ್ಕಿಂತ ಹೆಚ್ಚು ಬೆಸ ಬಿಂದುಗಳಿದ್ದರೆ ಪಯಣ ಅಸಾಧ್ಯ. ಕೋನಿಗ್ಸ್‌ಬರ್ಗಿನ ದ್ವೀಪದಲ್ಲಿ ಕೂಡುತ್ತಿದ್ದ ಸೇತುವೆಗಳು ಐದು, ಉಳಿದ ಮೂರು ಭಾಗಗಳಲ್ಲಿ ಮೂರು ಮೂರು. ನಾಲ್ಕೂ ಬೆಸ! ಒಗಟಿಗೆ ಉತ್ತರ “ಸಾಧ್ಯವಿಲ್ಲ” ಎಂಬುದು.

ಈ ಉತ್ತರದ ಬೆಲೆಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ನೂರು ಸಲ ನಡೆದು ಸೋತವನು ನೂರೊಂದನೆಯ ಸಲ ಗೆದ್ದರೂ ಗೆದ್ದೇನೆಂದು ಆಶಿಸಬಹುದು. ಆಯ್ಲರನ ವಾದವನ್ನು ತಿಳಿದವನು ಒಂದು ಹೆಜ್ಜೆಯನ್ನೂ ಇಡದೆ ನಿಶ್ಚಿಂತನಾಗಿ ಕುಳಿತಿರಬಲ್ಲನು. ಪ್ರಯೋಗಕ್ಕೂ ಸಾಧನೆಗೂ ಇರುವ ಅಂತರವನ್ನು ಇದಕ್ಕಿಂತ ಸುಲಭವಾಗಿ ಕಲಿಸುವ ಪಾಠ ನಮಗೆ ತಿಳಿದಿಲ್ಲ.

ಅಂಚೆಯವನ ದಾರಿ

ಒಗಟು ಒಗಟಾಗಿಯೇ ಉಳಿಯಲಿಲ್ಲ. ಅಂಚೆಯವನು ಕಚೇರಿಯಿಂದ ಹೊರಟು, ಪ್ರತಿಯೊಂದು ಬೀದಿಯಲ್ಲಿಯೂ ನಡೆದು, ಮತ್ತೆ ಕಚೇರಿಗೆ ಬರಬೇಕು. ಅತ್ಯಂತ ಕಡಿಮೆ ನಡಿಗೆ ಎಷ್ಟು? ಈ ಪ್ರಶ್ನೆಯನ್ನು 1960ರಲ್ಲಿ ಚೀನದ ಗಣಿತಜ್ಞ ಗ್ವಾನ್ ಮೇಗು ವಿವೇಚಿಸಿದನು. ಒಂದು ಸಣ್ಣ ನಿದರ್ಶನವನ್ನು ನೋಡೋಣ. ಪಕ್ಕಪಕ್ಕದಲ್ಲಿ ಎರಡು ಚೌಕಗಳನ್ನು ಬರೆಯಿರಿ. ನಡುವಣ ಗೆರೆ ಎರಡಕ್ಕೂ ಸೇರಿರಲಿ. ಆರು ಮೂಲೆಗಳು, ಏಳು ಬೀದಿಗಳು. ಒಂದೊಂದು ಬೀದಿ 100 ಮೀಟರ್. ಒಟ್ಟು 700 ಮೀಟರ್. ಆದರೆ ನಡುಬೀದಿಯ ಎರಡು ತುದಿಗಳಲ್ಲಿ ಮೂರು ಮೂರು ಬೀದಿಗಳು ಕೂಡುತ್ತವೆ. ಹೊರಟಲ್ಲಿಗೇ ಮರಳಬೇಕಾದರೆ ಎಲ್ಲ ಬಿಂದುಗಳೂ ಸಮವಾಗಿರಬೇಕು. ಆದ್ದರಿಂದ ಆ ಎರಡು ಬೆಸ ಬಿಂದುಗಳ ನಡುವಣ ಅತಿ ಹ್ರಸ್ವವಾದ ದಾರಿಯನ್ನು, ಅಂದರೆ ನಡುಬೀದಿಯನ್ನೇ, ಎರಡು ಸಲ ನಡೆಯಬೇಕು. ಉತ್ತರ 800 ಮೀಟರ್, ಇದಕ್ಕಿಂತ ಕಡಿಮೆಯಾಗದು. ನಿಮ್ಮ ಶಾಲೆಯ ಸುತ್ತಣ ಬೀದಿಗಳ ನಕ್ಷೆಯನ್ನು ನೀವೇ ಬರೆದು ಇದೇ ಲೆಕ್ಕವನ್ನು ಮಾಡಬಹುದು.

ಹಳ್ಳಿಗಳಿಗೆ ವಿದ್ಯುತ್ತು

ಇಂದಿನ ಚೆಕ್ ಗಣರಾಜ್ಯಕ್ಕೆ ಸೇರಿದ ಮೊರೇವಿಯದಲ್ಲಿ ಊರೂರಿಗೆ ವಿದ್ಯುತ್ತಿನ ತಂತಿಯನ್ನು ಎಳೆಯುವ ಪ್ರಶ್ನೆ ಎದ್ದಿತು. ಎಲ್ಲ ಊರುಗಳೂ ಕೂಡಬೇಕು, ತಂತಿ ಮಾತ್ರ ಅತ್ಯಂತ ಕಡಿಮೆಯಾಗಬೇಕು. 1926ರಲ್ಲಿ ಒಟಕಾರ್ ಬೊರೂವ್ಕ ಇದಕ್ಕೆ ಒಂದು ಕ್ರಮವನ್ನು ಪ್ರಕಟಿಸಿದನು. ಅ, ಆ, ಇ, ಈ ಎಂಬ ನಾಲ್ಕು ಹಳ್ಳಿಗಳಿರಲಿ. ತಂತಿಯ ಉದ್ದ ಅ–ಆ 3, ಅ–ಇ 5, ಅ–ಈ 6, ಆ–ಇ 4, ಆ–ಈ 5, ಇ–ಈ 2 ಕಿಲೋಮೀಟರ್ ಇರಲಿ. ಪ್ರತಿಯೊಂದು ಹಳ್ಳಿಯನ್ನೂ ಅದಕ್ಕೆ ಅತಿ ಸಮೀಪದ ಹಳ್ಳಿಯೊಡನೆ ಕೂಡಿಸಿರಿ. ಅ–ಆ ಒಂದು ಗುಂಪು, ಇ–ಈ ಇನ್ನೊಂದು ಗುಂಪು ಆಗುತ್ತವೆ. ಈಗ ಗುಂಪುಗಳನ್ನೇ ಹಳ್ಳಿಗಳೆಂದು ಭಾವಿಸಿ ಅವುಗಳ ನಡುವಣ ಅತಿ ಹ್ರಸ್ವವಾದ ತಂತಿಯನ್ನು, ಎಂದರೆ ಆ–ಇ ತಂತಿಯನ್ನು, ಆರಿಸಿರಿ. ಒಟ್ಟು 3 + 2 + 4 = 9 ಕಿಲೋಮೀಟರ್.

ಇಲ್ಲಿ ನಾಲ್ಕು ಬಿಂದುಗಳಿಗೆ ಮೂರೇ ಗೆರೆಗಳು ಸಾಕಾದುವು. ಮುಚ್ಚಿದ ಸುತ್ತು ಎಲ್ಲಿಯೂ ಇಲ್ಲ. ಇಂತಹ ಜಾಲಕ್ಕೆ ವೃಕ್ಷವೆಂದು ಹೆಸರು. ಬಿಂದುಗಳು ಎಷ್ಟೇ ಇರಲಿ, ವೃಕ್ಷದಲ್ಲಿ ಗೆರೆಗಳು ಅದಕ್ಕಿಂತ ಒಂದು ಕಡಿಮೆ. ಆದರೆ ಒಂದು ಮಾತನ್ನು ಮರೆಯಬಾರದು: ವೃಕ್ಷದಲ್ಲಿ ಒಂದು ತಂತಿ ಕಡಿದರೂ ಜಾಲ ಎರಡು ತುಂಡಾಗಿ ಕೆಲವು ಹಳ್ಳಿಗಳು ಕತ್ತಲಲ್ಲಿ ಮುಳುಗುತ್ತವೆ. ಮಿತವ್ಯಯ ಬೇಕೋ ಭದ್ರತೆ ಬೇಕೋ ಎಂಬುದನ್ನು ಗಣಿತ ಹೇಳದು. ಆ ನಿರ್ಧಾರ ನಮ್ಮದು. ಯಾವುದಕ್ಕೆ ಎಷ್ಟು ಬೆಲೆ ತೆರಬೇಕೆಂಬುದನ್ನು ಮಾತ್ರ ಅದು ನಿಖರವಾಗಿ ಹೇಳುತ್ತದೆ.

ಭೌತಶಾಸ್ತ್ರದ ಕೊಠಡಿಯಲ್ಲಿ

ಕಾಲೇಜು ವಿದ್ಯಾರ್ಥಿಗಳಿಗೆ ಪರಿಚಿತನಾದ ಗುಸ್ತಾವ್ ಕಿರ್ಕಾಫ್ ಹುಟ್ಟಿದುದು, 1824ರಲ್ಲಿ, ಇದೇ ಕೋನಿಗ್ಸ್‌ಬರ್ಗಿನಲ್ಲಿ. ವಿದ್ಯುನ್ಮಂಡಲಗಳ ನಿಯಮಗಳನ್ನು ಅವನು 1845ರಲ್ಲಿ ಅಲ್ಲಿಯ ವಿದ್ಯಾರ್ಥಿಯಾಗಿರುವಾಗಲೇ ನಿರೂಪಿಸಿದನು. ವೀಟ್‌ಸ್ಟನ್ ಸೇತುವೆಯ ಲೆಕ್ಕವನ್ನು ಮಾಡುವಾಗ ನಮ್ಮ ವಿದ್ಯಾರ್ಥಿಗಳು ಕಣ್ಣಿಗೆ ಬಿದ್ದ ಸುತ್ತುಗಳಿಗೆಲ್ಲ ಸಮೀಕರಣಗಳನ್ನು ಬರೆದು, ಕೊನೆಗೆ 0 = 0 ಎಂಬಲ್ಲಿಗೆ ಬಂದು ನಿಂತು ಕಂಗೆಡುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಹಾಗಾದರೆ ಬರೆಯಬೇಕಾದ ಸಮೀಕರಣಗಳೆಷ್ಟು?

ನಾಲ್ಕು ರೋಧಗಳು, ಗ್ಯಾಲ್ವನೋಮೀಟರು, ಬ್ಯಾಟರಿ, ಹೀಗೆ ಗೆರೆಗಳು ಆರು. ಅವು ಕೂಡುವ ಬಿಂದುಗಳು ನಾಲ್ಕು. ಈ ಜಾಲದಲ್ಲಿ ಮುಚ್ಚಿದ ಸುತ್ತುಗಳು ಒಟ್ಟು ಏಳು ಉಂಟು, ಎಣಿಸಿ ನೋಡಿರಿ. ಮೊದಲು ನಾಲ್ಕು ಬಿಂದುಗಳನ್ನೂ ಕೂಡಿಸುವ ಒಂದು ವೃಕ್ಷವನ್ನು ಆರಿಸೋಣ. ಅದರಲ್ಲಿ ಮೂರು ಗೆರೆಗಳು. ಉಳಿದ ಮೂರನ್ನು ಒಂದೊಂದಾಗಿ ಸೇರಿಸಿದಂತೆ ಒಂದೊಂದು ಹೊಸ ಸುತ್ತು ಉಂಟಾಗುತ್ತದೆ. ಆದುದರಿಂದ ಸ್ವತಂತ್ರವಾದ ಸುತ್ತುಗಳು 6 – 4 + 1 = 3 ಮಾತ್ರ; ಮಿಕ್ಕ ಸುತ್ತುಗಳ ಸಮೀಕರಣಗಳು ಇವುಗಳಿಂದಲೇ ಬರುತ್ತವೆ. ಇದರೊಡನೆ ಮೂರು ಬಿಂದುಗಳ ಪ್ರವಾಹ ಸಮೀಕರಣಗಳನ್ನು ಸೇರಿಸಿದರೆ ಆರು ಸಮೀಕರಣಗಳು; ತಿಳಿಯಬೇಕಾದ ಪ್ರವಾಹಗಳೂ ಆರು. ಕಿರ್ಕಾಫ್ 1847ರಲ್ಲಿ ತೋರಿಸಿಕೊಟ್ಟ ಮಾರ್ಗ ಇದೇ.

ಊರ ಸೇತುವೆಗೆ ಹೊಂದಿದ ವಿಚಾರಸರಣಿಯೇ ಪ್ರಯೋಗಶಾಲೆಯ ಸೇತುವೆಗೂ ಹೊಂದುವುದನ್ನು ಕಂಡೆವಲ್ಲವೆ? “ಕಲಿತು ಆಗಬೇಕಾದುದೇನು” ಎಂಬ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೆ: ಒಂದೆಡೆ ಸರಿಯಾಗಿ ಯೋಚಿಸಲು ಕಲಿತವನು ಇನ್ನೊಂದೆಡೆ ಬರಿಗೈಯಲ್ಲಿ ನಿಲ್ಲುವುದಿಲ್ಲ.

ಕೋನಿಗ್ಸ್‌ಬರ್ಗ್ 1946ರಿಂದ ರಷ್ಯದ ಕಲಿನಿನ್‌ಗ್ರಾಡ್ ಆಗಿದೆ. ಎರಡನೆಯ ಮಹಾಯುದ್ಧದ ಬಾಂಬುಗಳಿಂದ ಆ ಏಳರಲ್ಲಿ ಎರಡು ಸೇತುವೆಗಳು ನಾಶವಾದುವು; ಒಂದು ದ್ವೀಪವನ್ನು ಉತ್ತರದ ದಡಕ್ಕೂ ಇನ್ನೊಂದು ದಕ್ಷಿಣದ ದಡಕ್ಕೂ ಕೂಡಿಸುತ್ತಿದ್ದವು. ಉಳಿದ ಐದನ್ನು ಒಂದೊಂದೇ ಸಲ ದಾಟುವುದು ಈಗ ಸಾಧ್ಯವೇ? ಸಾಧ್ಯವಾದರೆ ಎಲ್ಲಿಂದ ಹೊರಡಬೇಕು, ಎಲ್ಲಿ ನಿಲ್ಲಬೇಕು? ಕಾಗದವೊಂದನ್ನು ತೆಗೆದುಕೊಂಡು ನಾಲ್ಕು ಬಿಂದುಗಳನ್ನಿಡಿರಿ. ಉತ್ತರವನ್ನು ತಾಳೆ ನೋಡಲು ಪುಸ್ತಕದ ಕೊನೆಯ ಪುಟ ಬೇಕಾಗಲಾರದು.