ಕುದುರೆಮುಖದ ಗಣಿಯೂ ಭದ್ರಾನದಿಯೂ

ವಾಣಿಜ್ಯಸಂಬಂಧವು ಕ್ರೇತೃವಿಕ್ರೇತೃಗಳಲ್ಲಿಯೇ ಪರ್ಯವಸಾನ ಹೊಂದುವುದಿಲ್ಲವೆಂಬುದಕ್ಕೆ ಕುದುರೆಮುಖದ ಕಬ್ಬಿಣದ ಅದಿರಿನ ಕಂಪನಿಯ ವೃತ್ತಾಂತವೇ ನಿದರ್ಶನವು. ಭಾರತ ಸರ್ಕಾರದ ಈ ಸಂಸ್ಥೆಯು 1976ರಲ್ಲಿ, ಇರಾನಿಗೆ ಅದಿರನ್ನೊದಗಿಸುವುದಕ್ಕಾಗಿ, ಆ ದೇಶದ ಸಾಲದ ನೆರವನ್ನು ನೆಚ್ಚಿ ಸ್ಥಾಪಿತವಾಯಿತು. 1979ರಲ್ಲಿ ಅಲ್ಲಿ ರಾಜ್ಯಕ್ರಾಂತಿಯಾಯಿತು. ಮೈತ್ರಿಯ ಮೇಲೆ ನಿಂತಿದ್ದ ಏರ್ಪಾಡು ಮುರಿದುಬಿದ್ದಿತು. ಕಂಪನಿಯು ಅನ್ಯದೇಶಗಳ ಗಿರಾಕಿಗಳನ್ನು ಅರಸಿಕೊಂಡಿತು. ಆದರೆ ಗಿರಾಕಿಯನ್ನು ಬದಲಾಯಿಸಿದಂತೆ ನದಿಯನ್ನು ಬದಲಾಯಿಸಲಾಗದು. ಅಗೆದ ಬೆಟ್ಟದ ಮಣ್ಣು ಮಳೆಗಾಲದಲ್ಲಿ ಭದ್ರೆಗಿಳಿಯಲು, ಅರಣ್ಯರಕ್ಷಣಾಸಕ್ತರು ನ್ಯಾಯಸ್ಥಾನವನ್ನು ಆಶ್ರಯಿಸಿದರು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಧಿಸಿದ ಅವಧಿಯಂತೆ 2005ರ ಅಂತ್ಯಕ್ಕೆ ಗಣಿಯು ನಿಂತಿತು. ಒಡೆತನವು ಸರ್ಕಾರದ್ದೇ ಆಗಿದ್ದರೂ ಅದು ಉಳಿಯಲಿಲ್ಲ. ರಾಜಮೈತ್ರಿಯು ಉದ್ಯಮವನ್ನು ಹುಟ್ಟಿಸಬಲ್ಲುದು. ನೆಲಜಲಗಳ ಋಣವನ್ನು ತೀರಿಸದ ಉದ್ಯಮವನ್ನು ಅದು ಕಾಯಲಾರದೆಂಬುದೇ ಇದರ ತಾತ್ಪರ್ಯವು.